ಮನೆ ಮುಂದೆಯೇ ಟ್ರೈಲರ್ ರಿಪೇರಿ: ಐದಕ್ಕೆ ನಾಲ್ಕು ಸ್ಟಾರ್, ಒಂದು ಯಾಕೆ ಹಿಡಿದಿಟ್ಟೆ ಅಂದ್ರೆ

ವಾಹನದ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಯಂಥ ಟ್ರೈಲರ್ ನಮ್ಮದು. ಅದರಲ್ಲಿ ಒಂಬತ್ತು ದಿನದ ಕ್ಯಾಂಪಿಂಗ್ ಮುಗಿಸಿ ಬಂದಾಗ ನನ್ನ ನೋಟ್‌ಬುಕ್ಕಿನಲ್ಲಿ ಏಳು ದೂರುಗಳಿದ್ದವು. ಟ್ರೈಲರ್‌ನಲ್ಲಿ ಏನು ಸದ್ದಾದರೂ, ಏನು ಸೋರಿದರೂ ಆ ಕ್ಷಣವೇ ಬರೆದಿಡುವುದು ನನ್ನ ಅಭ್ಯಾಸ. ಮನೆಗೆ ಬಂದು ಬರೆಯೋಣ ಅಂದ್ಕೊಂಡರೆ ಅರ್ಧ ಮರೆತುಹೋಗಿರುತ್ತದೆ. ನಮ್ಮ ಯಜಮಾನರ ಅಭ್ಯಾಸ ಬೇರೆ. ಕೈಯಲ್ಲಿ ಒಂದು ಸಿಲಿಕೋನ್ ಟ್ಯೂಬ್ ಇದ್ದರೆ ಸಾಕು, ಎಲ್ಲ ತೂತಿಗೂ ಅದೇ ಮದ್ದು. ಆ ಟ್ಯೂಬಿನ ಕಥೆ ಆಮೇಲೆ ಹೇಳುತ್ತೇನೆ.

ದೂರುಗಳು ಇವು. ಮಂಚದ ಮೇಲಿನ ಸೀಲಿಂಗ್‌ನಲ್ಲಿ ಅಂಗೈಯಗಲದ ಕಂದು ಕಲೆ. ರಾತ್ರಿ ಯಾರೂ ನಲ್ಲಿ ತಿರುಗಿಸದೆ ಇದ್ದರೂ ಹತ್ತು ನಿಮಿಷಕ್ಕೊಮ್ಮೆ ನೀರಿನ ಪಂಪ್ ಗುರ್ ಅನ್ನುವುದು. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆ ವಾಸನೆ. ಗ್ಯಾಸ್‌ನಲ್ಲಿ ಓಡುವ ಫ್ರಿಜ್ ತಣ್ಣಗಾಗದು. ಬ್ರೇಕ್ ಒತ್ತಿದಾಗ ಬಲಗಡೆ ಇಂಡಿಕೇಟರ್ ಮಂಕಾಗಿ ಮಿಣುಕುವುದು. ನಾಲ್ಕು ಚಕ್ರಗಳಲ್ಲಿ ಎಡಗಡೆ ಹಿಂದಿನದರ ಹಬ್ (ಚಕ್ರದ ನಡುಭಾಗ) ಮಾತ್ರ ಕೈ ಇಡಲಾರದಷ್ಟು ಬಿಸಿ. ಕೊನೆಯದು, ಖಾಲಿ ಮಾಡಿದ ಮೇಲೂ ಟಾಯ್ಲೆಟ್ ಟ್ಯಾಂಕ್ ಮುಕ್ಕಾಲು ತುಂಬಿದೆ ಅಂತ ಸುಳ್ಳು ಹೇಳುವ ಮೀಟರ್.

ವರ್ಕ್‌ಶಾಪ್‌ಗೆ ಫೋನ್ ಮಾಡಿದರೆ ಐದು ವಾರ ಕಾಯಬೇಕು, ಗಾಡಿ ಅಲ್ಲೇ ಬಿಟ್ಟು ಹೋಗಬೇಕು ಅಂದರು. ಇಂಡಿಕೇಟರ್ ಐದು ವಾರ ಕಾಯುತ್ತದೆ, ಒದ್ದೆ ಮರ ಕಾಯುತ್ತದಾ? ಹಾಗಾಗಿ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಮನೆಗೇ ಬರುವ ಟೆಕ್ನಿಷಿಯನ್ ಒಬ್ಬರನ್ನು ಕರೆದೆ. ಹೆಸರು ಹಾಕುತ್ತಿಲ್ಲ, ಕೊನೆಯವರೆಗೆ ಓದಿದರೆ ಕಾರಣ ತಿಳಿಯುತ್ತದೆ.

ಒಂಬತ್ತಕ್ಕೆ ಬರುತ್ತೇನೆ ಅಂದವರು ಹನ್ನೆರಡಕ್ಕೆ ಬಂದರು. ಒಂದು ಮೆಸೇಜ್ ಕೂಡ ಇಲ್ಲ. ನಾನು ಮುಖ ಗಂಟಿಕ್ಕಿಕೊಂಡೇ ನೋಟ್‌ಬುಕ್ ಕೊಟ್ಟೆ. ಅವರು ಏಳೂ ಸಾಲು ಓದಿ, ಕಲೆ ನೋಡಲು ಒಳಗೂ ಹೋಗದೆ, ಒಂದು ಪ್ರಶ್ನೆ ಕೇಳಿದರು.

"ಮಳೆ ಬಂದಾಗ ಗಾಡಿ ಯಾವ ಕಡೆ ವಾಲಿತ್ತು ಮೇಡಂ?"

ನಾನು, ಯಜಮಾನರು ಮುಖ ಮುಖ ನೋಡಿಕೊಂಡೆವು. ಮೂರನೇ ದಿನದ ಮಳೆಗೆ, ಟ್ರೈಲರ್ ಮೂತಿಯನ್ನು ಎತ್ತಿ ನಿಲ್ಲಿಸುವ ಮುಂದಿನ ಜಾಕ್ ಕೆಳಗಿನ ಮಣ್ಣು ಮೆತ್ತಗಾಗಿ, ಜಾಕ್‌ನ ಪಾದ ನಾಲ್ಕು ಬೆರಳಷ್ಟು ಒಳಗಿಳಿದಿತ್ತು. ಟ್ರೈಲರ್ ಮೂತಿ ತಗ್ಗಿಸಿ ನಿಂತಿತ್ತು. ಮಲಗಿದಾಗ ತಲೆಗೆ ರಕ್ತ ಇಳಿದ ಹಾಗಾಗುತ್ತಿದೆ ಅಂತ ನಾನು ಹೇಳಿದ್ದೆ. "ಒಂದು ದಿಂಬು ಜಾಸ್ತಿ ಇಟ್ಕೋ" ಅಂದಿದ್ದರು ಇವರು.

ಆ ಒಂದು ಪ್ರಶ್ನೆಗೇ ನಾನು ಒಂದು ಸ್ಟಾರ್ ಕೊಡುತ್ತೇನೆ. ಚಾವಣಿಯ ಮೇಲಿನ ರಬ್ಬರ್ ಹಾಳೆಯ ಕೆಳಗೆ ನೀರು ಸೇರಿದರೆ, ಸೇರಿದ ಜಾಗದಲ್ಲೇ ತೊಟ್ಟಿಕ್ಕುವುದಿಲ್ಲ. ತಗ್ಗು ಯಾವ ಕಡೆಗಿದೆಯೋ ಆ ಕಡೆಗೆ ಹರಿದು, ಎಲ್ಲೋ ಒಂದು ಸಂದಿ ಸಿಕ್ಕಿದ ಕಡೆ ಇಳಿಯುತ್ತದೆ. ಮೂತಿ ತಗ್ಗಿದ್ದರಿಂದ ಕಲೆ ಮುಂದೆ ಕಂಡಿತ್ತು. ಹಾಗಾದರೆ ತೂತು ಹಿಂದೆಲ್ಲೋ ಇರಬೇಕು. ನಾವಾಗಿದ್ದರೆ ಕಲೆಯ ನೇರ ಮೇಲೆ ಹುಡುಕಿ, ಏನೂ ಸಿಗದೆ, ಅಲ್ಲೇ ಇನ್ನಷ್ಟು ಸಿಲಿಕೋನ್ ಬಳಿದು ಇಳಿಯುತ್ತಿದ್ದೆವು.

ಆಮೇಲೆ ಎರಡು ಸೂಜಿಗಳಿರುವ ಪುಟ್ಟ ತೇವದ ಮೀಟರ್ ತೆಗೆದರು. ಸೂಜಿಗಳನ್ನು ಸೀಲಿಂಗ್‌ಗೆ ಚುಚ್ಚಿದರೆ ಮರದಲ್ಲಿ ಎಷ್ಟು ತೇವ ಇದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಒಣ ಗೋಡೆಯಲ್ಲಿ 11 ಬಂತು. ಕಲೆಯ ಹತ್ತಿರ 24. ಅಲ್ಲಿಂದ ಹಿಂದಕ್ಕೆ ಗೇಣುಗೇಣು ಚುಚ್ಚುತ್ತಾ ಹೋದರು. ಬಚ್ಚಲಿನ ಮೇಲೆ, ಟ್ಯಾಂಕಿನ ಗಾಳಿ ಪೈಪ್ ಚಾವಣಿಯಿಂದ ಆಚೆ ಹೋಗುವ ಜಾಗದಲ್ಲಿ 31. ಕಲೆಗೂ ತೂತಿಗೂ ಎರಡು ಮೀಟರ್ ದೂರ! 20ರ ಮೇಲೆ ತುಂಬಾ ದಿನ ಇದ್ದರೆ ಮರ ಕೊಳೆಯಲು ಶುರುವಾಗುತ್ತದೆ ಅಂದರು. ಬಚ್ಚಲಿನ ಸೀಲಿಂಗ್ ನೋಡಲು ಮಾತ್ರ ಹೊಳೆಯುವ ಹಾಗೆ ಬೆಳ್ಳಗಿತ್ತು.

ಈಗ ಟ್ಯೂಬಿನ ಕಥೆ. ಹೋದ ವರ್ಷ ಆ ಪೈಪ್ ಸುತ್ತ ಸಣ್ಣ ಬಿರುಕು ಕಂಡು ಯಜಮಾನರು ಬಾತ್‌ರೂಮ್ ಸಿಲಿಕೋನ್ ಹಚ್ಚಿದ್ದರು. ಮೇಲಿಂದ ನೋಡಿದರೆ ಗಟ್ಟಿಯಾಗೇ ಇತ್ತು. ಟೆಕ್ನಿಷಿಯನ್ ಅಂಚಿಗೆ ಉಗುರು ಹಾಕಿ ಎಳೆದರೆ ಪಟ್ಟಿಯ ಹಾಗೆ ಕಿತ್ತು ಬಂತು, ಕೆಳಗೆ ನೀರು ನಿಂತಿತ್ತು. ಸಿಲಿಕೋನ್ ಈ ರಬ್ಬರ್ ಚಾವಣಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದು ಸಾಲದು ಅಂತ, ಒಮ್ಮೆ ಸಿಲಿಕೋನ್ ಹಚ್ಚಿದ ಜಾಗಕ್ಕೆ ಬೇರೆ ಸೀಲಂಟ್ (ಸಂದಿ ಮುಚ್ಚುವ ಅಂಟು) ಕೂಡ ಅಂಟುವುದಿಲ್ಲ. ಕಣ್ಣಿಗೆ ಕಾಣದ ಜಿಡ್ಡು ಉಳಿದರೂ ಸಾಕು, ಹೊಸದೂ ಎದ್ದು ಬರುತ್ತದೆ. ಪ್ಲಾಸ್ಟಿಕ್ ಚಾಕು ಹಿಡಿದು ಕೆರೆದರು, ಒರೆಸಿದರು, ಮತ್ತೆ ಕೆರೆದರು. ಬರೋಬ್ಬರಿ ಒಂದೂವರೆ ಗಂಟೆ. ಪೆಟ್ರೋಲ್ ವಾಸನೆಯ ಯಾವ ದ್ರವವನ್ನೂ ಮುಟ್ಟಲಿಲ್ಲ. ನಮ್ಮ ಚಾವಣಿಯದು ಇಪಿಡಿಎಂ ಅನ್ನುವ ಬಗೆಯ ರಬ್ಬರ್, ಅಂಥದ್ದು ತಾಗಿದರೆ ಉಬ್ಬಿಕೊಳ್ಳುತ್ತದಂತೆ. ಯಜಮಾನರು ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದರು. ಒಂದು ಮಾತಿಲ್ಲ.

ಕೊನೆಗೆ ಹಾಕಿದ್ದು ಚಾವಣಿಗೆಂದೇ ಇರುವ ಲ್ಯಾಪ್ ಸೀಲಂಟ್. ಇದರಲ್ಲಿ ಎರಡು ಬಗೆ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಒಂದು ಹಚ್ಚಿದ ಮೇಲೆ ತಾನೇ ಹರಡಿಕೊಂಡು ಸ್ಕ್ರೂ ತಲೆಗಳನ್ನೆಲ್ಲ ಮುಚ್ಚುತ್ತದೆ, ಅದು ಮಟ್ಟಸವಾದ ಜಾಗಕ್ಕೆ. ಇನ್ನೊಂದು ಜಾರದೆ ನಿಲ್ಲುವಂಥದ್ದು, ಅದು ಗೋಡೆಗೆ. ಹರಡುವುದನ್ನು ಗೋಡೆಗೆ ಹಚ್ಚಿದರೆ ಮೇಣದಬತ್ತಿ ಕರಗಿದ ಹಾಗೆ ಇಳಿದುಬಿಡುತ್ತದೆ.

ಆದರೆ ಒಳಗಿನ ಸೀಲಿಂಗ್ ಹಲಗೆ ಬಿಚ್ಚಿದವರು ಅದನ್ನು ವಾಪಸ್ ಹಾಕಲು ಒಪ್ಪಲೇ ಇಲ್ಲ. ಒಣಗದೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ, ಮೀಟರ್ 15ಕ್ಕಿಂತ ಕೆಳಗಿಳಿದ ಮೇಲೆ ಫೋನ್ ಮಾಡಿ ಅಂದರು. ನಾನೂ ಒಂದು ಮೀಟರ್ ತರಿಸಿಕೊಂಡೆ. ಹಗಲೂ ರಾತ್ರಿ ಫ್ಯಾನ್ ಹಾಕಿಟ್ಟು ದಿನಾ ಬೆಳಿಗ್ಗೆ ಚುಚ್ಚಿ ನೋಡಿ ಬರೆದಿಟ್ಟೆ. 31, 29, 29, 26... ಹನ್ನೊಂದನೇ ದಿನ 14. ಪುಣ್ಯಕ್ಕೆ ಮರ ಮೆತ್ತಗಾಗಿರಲಿಲ್ಲ. ಹಲಗೆ ಹಾಕಲು ಬಂದ ದಿನ ಅರ್ಧ ಗಂಟೆಯ ಕೂಲಿ ಮಾತ್ರ ತೆಗೆದುಕೊಂಡರು.

ಪಂಪ್ ವಿಷಯದಲ್ಲಿ ನನಗೇ ನಾಚಿಕೆಯಾಯಿತು. ನಲ್ಲಿ ಮುಚ್ಚಿದ್ದಾಗ ಪೈಪಿನೊಳಗೆ ಒತ್ತಡ ನಿಲ್ಲಬೇಕು, ಪಂಪ್ ಸುಮ್ಮನಿರಬೇಕು. ಎಲ್ಲೋ ಹನಿ ಸೋರಿ ಒತ್ತಡ ಇಳಿದಾಗಲೆಲ್ಲ ಅದು ಎದ್ದು ಗುರ್ ಅನ್ನುತ್ತದೆ. ಇಲ್ಲವೇ ಪಂಪಿನೊಳಗಿನ ವಾಲ್ವ್ ನೀರನ್ನು ವಾಪಸ್ ಬಿಡುತ್ತಿರುತ್ತದೆ. ಅವರು ಟಾಯ್ಲೆಟ್ ಪೇಪರ್ ತುಂಡುಗಳನ್ನು ಒಂದೊಂದು ಜಾಯಿಂಟಿಗೂ ಸುತ್ತಿ, ಪಂಪ್ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿದರು. ಶವರ್ ಹಿಂದಿನ ತುಂಡು ಒದ್ದೆಯಾಗಿತ್ತು. ರಸ್ತೆಯ ಕುಲುಕಾಟಕ್ಕೆ ಪ್ಲಾಸ್ಟಿಕ್ ನಟ್ ಸಡಿಲವಾಗಿತ್ತು ಅಷ್ಟೇ. ಕೈಯಲ್ಲೇ ಕಾಲು ಸುತ್ತು ತಿರುಗಿಸಿದರು, ಮುಗೀತು. ಒಂಬತ್ತು ರಾತ್ರಿ ನಿದ್ದೆಗೆಟ್ಟಿದ್ದು ಇದಕ್ಕಾ!

ವಾಸನೆಗೆ ಕಾರಣ ವಾಟರ್ ಹೀಟರ್‌ನ ಆನೋಡ್ ರಾಡ್. ನಮ್ಮದು ಸ್ಟೀಲ್ ಟ್ಯಾಂಕ್. ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ಆ ಮೆಗ್ನೀಸಿಯಂ ಕೋಲು ತಾನು ಸವೆದುಕೊಳ್ಳುತ್ತಾ ಹೋಗುತ್ತದೆ. ನಿಂತ ನೀರಿನ ಬ್ಯಾಕ್ಟೀರಿಯಾ ಜೊತೆ ಸೇರಿದರೆ ಮೊಟ್ಟೆ ವಾಸನೆಯ ಅನಿಲ ಬರುತ್ತದೆ. ಹೆಬ್ಬೆರಳು ಗಾತ್ರ ಇರಬೇಕಾದ ಕೋಲು ನಮ್ಮಲ್ಲಿ ಬರೀ ತಂತಿಯಾಗಿತ್ತು. ಹೀಟರ್ ಆರಿಸಿ, ನೀರು ಪೂರ್ತಿ ತಣ್ಣಗಾಗುವವರೆಗೆ ಕಾದು, ಮೇಲಿನ ವಾಲ್ವ್ ಎತ್ತಿ ಒತ್ತಡ ಬಿಟ್ಟ ಮೇಲೇ ರಾಡ್ ಬಿಚ್ಚಿದರು. ಹಿಂದೆಯೇ ಹಿಡಿಯಷ್ಟು ಬಿಳಿ ಹರಳು ಸುರಿಯಿತು. ಟ್ಯಾಂಕ್ ತೊಳೆದು ಹೊಸ ರಾಡ್ ಹಾಕಿದರು, ಈಗ ವಾಸನೆ ಇಲ್ಲ. ಅಲ್ಯೂಮಿನಿಯಂ ಟ್ಯಾಂಕಿನ ಹೀಟರ್ ಇರುವವರು ಈ ರಾಡ್ ಹುಡುಕಲು ಹೋಗಬೇಡಿ, ಅದರಲ್ಲಿ ಇರುವುದಿಲ್ಲ.

ಇಂಡಿಕೇಟರ್‌ದು ಅರ್ತ್ ಸಮಸ್ಯೆ, ಅಂದರೆ ಕರೆಂಟ್ ವಾಪಸ್ ಹರಿಯುವ ದಾರಿಯಲ್ಲಿ ತೊಡಕು. ಫ್ರೇಮಿಗೆ ಕೂರಿಸಿದ ಸ್ಕ್ರೂ ತುಕ್ಕು ಹಿಡಿದಿತ್ತು, ಉಜ್ಜಿ ಹೊಳಪು ಬರಿಸಿ ವಾಪಸ್ ಹಾಕಿದರು.

ಫ್ರಿಜ್ ಮುಟ್ಟಲೇ ಇಲ್ಲ. ಅದರೊಳಗೊಂದು ರಸಮಟ್ಟ ಇಟ್ಟು, ಗಾಡಿ ಮಟ್ಟಸವಾಗಿ ನಿಂತಿದೆ ಅಂತ ನೋಡಿಕೊಂಡು, ಗ್ಯಾಸ್ ಹಚ್ಚಿ, ನಾಳೆ ಬೆಳಿಗ್ಗೆ ನೋಡಿ ಅಂದರು. ಬೆಳಿಗ್ಗೆ ನೋಡಿದರೆ ಐಸ್ ಕಟ್ಟಿತ್ತು! ಈ ಬಗೆಯ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಬೆಂಕಿಯ ಕಾವಿಗೆ ಅಮೋನಿಯಾ ಆವಿಯಾಗಿ ಮೇಲೇರಿ, ತಣ್ಣಗಾಗಿ, ತನ್ನ ತೂಕಕ್ಕೇ ಕೆಳಗಿಳಿದು ಬರಬೇಕು. ಗಾಡಿ ವಾಲಿದ್ದರೆ ಅದು ಸರಿಯಾಗಿ ಇಳಿಯುವುದಿಲ್ಲ. ಅಂದರೆ ಅದೇ ಮುಂದಿನ ಜಾಕ್! ಏಳು ದೂರುಗಳಲ್ಲಿ ಒಂದು ಪೂರ್ತಿ, ಇನ್ನೊಂದು ಅರ್ಧ, ಜಾಕ್ ಕೆಳಗೆ ಒಂದು ಮರದ ಹಲಗೆ ಇಡದ ತಪ್ಪಿಗೆ. ತುಂಬಾ ದಿನ ಹಾಗೇ ಓಡಿಸಿದ್ದರೆ ಫ್ರಿಜ್ ಶಾಶ್ವತವಾಗಿ ಹಾಳಾಗುತ್ತಿತ್ತಂತೆ. ಟ್ಯಾಂಕ್ ಮೀಟರ್‌ಗೂ ದುಡ್ಡು ದಂಡ ಮಾಡಬೇಡಿ ಅಂದರು. ಮಟ್ಟ ಅಳೆಯುವ ಒಳಗಿನ ಮೊಳೆಗಳಿಗೆ ಪೇಪರ್ ಅಂಟಿರುತ್ತದೆ, ಅರ್ಧ ಟ್ಯಾಂಕ್ ನೀರು ತುಂಬಿಕೊಂಡು ಹೋಗಿ, ಕುಲುಕಾಟಕ್ಕೇ ತೊಳೆದುಹೋಗುತ್ತದೆ ಅಂದರು. ಎರಡಕ್ಕೂ ಬಿಲ್ ಇಲ್ಲ. ಸುಮ್ನೆ ಒಂದು ಹೊಸ ಸೆನ್ಸರ್ ತಲೆಗೆ ಕಟ್ಟಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಚಕ್ರದ ವಿಷಯ ಹೇಳಲೇಬೇಕು. ಹಬ್ ಬಿಚ್ಚಿದರು. ಬೇರಿಂಗ್‌ನ ಗ್ರೀಸ್ ಸುಟ್ಟು ಕಪ್ಪಾಗಿತ್ತು. ಬೇರಿಂಗ್ ಮಾತ್ರ ಗೀರು ಬೀಳದೆ ಚೆನ್ನಾಗಿತ್ತು, ಬ್ರೇಕ್ ಶೂಗಳಿಗೆ ಗ್ರೀಸ್ ತಾಗಿರಲಿಲ್ಲ. ನಾಲ್ಕೂ ಚಕ್ರಕ್ಕೆ ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿದರು. ವರ್ಷಕ್ಕೊಮ್ಮೆ ಮಾಡಿಸಬೇಕಾದ ಕೆಲಸ, ನಾವು ಮೂರು ವರ್ಷ ಮರೆತಿದ್ದೆವು. ಅಲ್ಲಿಗೆ ತಪ್ಪು ನಮ್ಮದೇ.

ಆದರೆ ಚಕ್ರ ವಾಪಸ್ ಹಾಕಿ, ನಟ್ ಬಿಗಿ ಮಾಡಿ, ಸಾಮಾನು ಕಟ್ಟಿಕೊಂಡು ಹೊರಟರು. ಒಂದು ಮಾತು ಹೇಳಲಿಲ್ಲ. ಬಿಚ್ಚಿ ಹಾಕಿದ ಚಕ್ರ ಮೊದಲ ಸ್ವಲ್ಪ ದೂರ ಓಡಿದ ಮೇಲೆ ಕೂತುಕೊಳ್ಳುತ್ತದೆ, ನಟ್ ಸಡಿಲವಾಗಬಹುದು. 80ರಿಂದ 160 ಕಿಲೋಮೀಟರ್ ಒಳಗೆ ನಿಲ್ಲಿಸಿ, ನಟ್ ಎಷ್ಟು ಬಿಗಿಯಿದೆ ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಬೇಕು. ಇದು ನನಗೆ ಗೊತ್ತಾಗಿದ್ದು ಆ ವಾರ ಆನೋಡ್ ರಾಡ್ ಬಗ್ಗೆ ಓದಲು ಟ್ರೈಲರ್‌ನ ಮ್ಯಾನುಯಲ್ ತೆಗೆದಿದ್ದಕ್ಕೆ. ಮುಂದಿನ ಪ್ರವಾಸದಲ್ಲಿ 80 ಕಿಲೋಮೀಟರ್‌ಗೆ ಗಾಡಿ ನಿಲ್ಲಿಸಿ ನೋಡಿದೆವು. ಎಡಗಡೆ ಹಿಂದಿನ ಚಕ್ರದಲ್ಲಿ ಎರಡು ನಟ್ ಇನ್ನೂ ಕಾಲು ಸುತ್ತು ತಿರುಗಿದವು. ನನ್ನ ಕೈ ತಣ್ಣಗಾಯಿತು. ಆಮೇಲೆ ಫೋನ್ ಮಾಡಿ ಕೇಳಿದರೆ "ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ" ಅಂದರು. ನಮಗೆ ಗೊತ್ತಿರಲಿಲ್ಲ. ಹೋದ ಸ್ಟಾರ್ ಇದಕ್ಕೆ. ಮೂರು ಗಂಟೆ ತಡವಾಗಿದ್ದಕ್ಕೆ ಅಲ್ಲ, ಹುಲ್ಲಿನ ಮೇಲೆ ಸಿಲಿಕೋನ್ ಚೂರು ಬಿಟ್ಟು ಹೋಗಿದ್ದಕ್ಕೂ ಅಲ್ಲ. ಇಷ್ಟು ಒಳ್ಳೆ ಕೆಲಸಗಾರನ ಹೆಸರನ್ನು ಈ ಒಂದು ತಪ್ಪಿನ ಜೊತೆ ಅಂಟಿಸಲು ಮನಸ್ಸು ಬರಲಿಲ್ಲ, ಹೆಸರು ಹಾಕದೆ ಬಿಟ್ಟಿದ್ದು ಅದಕ್ಕೇ.

ಬಿಲ್ ಹೀಗಿತ್ತು: ಮನೆಗೆ ಬಂದಿದ್ದಕ್ಕೆ ಒಂದು ಚಾರ್ಜ್, ಆಮೇಲೆ ಗಂಟೆ ಲೆಕ್ಕ, ಸಾಮಾನು ಬೇರೆ. ಮೊದಲು ಬರೀ ಮೊತ್ತ ಬರೆದುಕೊಟ್ಟರು, ಕೇಳಿದ ಮೇಲೆ ಬಿಡಿಸಿ ಬರೆದರು. ನೀವೂ ಕೇಳಿ. ಸಾಮಾನಿನ ಖರ್ಚು ಕಾಲು ಭಾಗವೂ ಇರಲಿಲ್ಲ. ಚಾವಣಿಯ ಲೆಕ್ಕದಲ್ಲಿ ಅತಿ ದೊಡ್ಡ ಸಾಲು "ಹಳೆ ಸಿಲಿಕೋನ್ ತೆಗೆದಿದ್ದು, ಒಂದೂವರೆ ಗಂಟೆ". ಆ ಸಾಲಿನ ಕೆಳಗೆ ನಾನು ಕೆಂಪು ಗೆರೆ ಎಳೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಒದ್ದಾಡುವವರು ಇಂಥ ಸರ್ವಿಸ್ ಕರೆಸಿ, ದುಡ್ಡು ದಂಡ ಅಲ್ಲ. ಪಂಪ್, ಅರ್ತ್ ಸ್ಕ್ರೂ, ಆನೋಡ್ ರಾಡ್ ಇವು ಮೂರನ್ನು ಮುಂದಿನ ಸಲ ನಾನೇ ಮಾಡುತ್ತೇನೆ. ಬೇರಿಂಗ್‌ಗೆ ಮತ್ತೆ ಅವರನ್ನೇ ಕರೆಯುತ್ತೇನೆ. ಆದರೆ ನಟ್ ಬಿಗಿ ಮಾಡುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನೋಟ್‌ಬುಕ್ ಸಮೇತ.