ನಾಯಿ ಹೋದ ಒಂಬತ್ತನೇ ದಿನಕ್ಕೇ ಮರಿ ತಂದೆ, ನೀವು ಹೀಗೆ ಮಾಡಬೇಡಿ

ಸಾಕಿದ ನಾಯಿ ಹೋಗಿ ಮನೆ ಬಿಕೋ ಅನ್ನುತ್ತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಯಾರಾದರೂ "ಇನ್ನೊಂದು ಮರಿ ತಂದ್ಬಿಡು, ಎಲ್ಲಾ ಸರಿಹೋಗುತ್ತೆ" ಎಂದು ಹೇಳಿದ್ದರೆ ಪೂರ್ತಿ ಓದಿ. ನನಗೂ ಹಾಗೇ ಹೇಳಿದರು. ನಾನು ಕೇಳಿದೆ. ನೋವು ತಿಂದದ್ದು ಮಾತ್ರ ಏನೂ ಅರಿಯದ ಒಂದು ಮರಿ.

ಬೆಳ್ಳಿ ನಮ್ಮ ಜೊತೆ 13 ವರ್ಷ ಇದ್ದಳು. ಕೊನೆಗೆ ಕಿಡ್ನಿ ಕೈಕೊಟ್ಟಿತು. ಎರಡು ತಿಂಗಳು ರಾತ್ರಿಯೆಲ್ಲ ಎದ್ದು ನೀರು ಕುಡಿಸುವುದು, ಒದ್ದೆಯಾದ ಬಟ್ಟೆ ಬದಲಾಯಿಸುವುದು, ಎತ್ತಿಕೊಂಡು ಹೊರಗೆ ಹೋಗುವುದು, ಇದೇ ಆಗಿತ್ತು. ಒಂದು ಬೆಳಗಿನ ಜಾವ ನನ್ನ ಕಾಲಿಗೆ ತಲೆ ಒರಗಿಸಿಕೊಂಡೇ ಹೋಗಿಬಿಟ್ಟಳು. ಅವಳು ಯಾವಾಗಲೂ ಬಾಗಿಲಿಗೆ ಒತ್ತಿಕೊಂಡು ಮಲಗುತ್ತಿದ್ದಳು. ನಾನು ಬಾಗಿಲನ್ನು ಮೊದಲು ನಾಲ್ಕು ಬೆರಳಷ್ಟೇ ತೆಗೆದು, ಅವಳು ಮೈಮುರಿದು ಎದ್ದ ಮೇಲೆ ಒಳಗೆ ಬರುತ್ತಿದ್ದೆ. ಅವಳು ಹೋದ ಮೇಲೂ ಕೈ ಅಷ್ಟೇ ತೆಗೆದು ನಿಲ್ಲುತ್ತಿತ್ತು.

ಆಫೀಸಿಗೆ ಜ್ವರ ಅಂತ ಹೇಳಿ ಎರಡು ದಿನ ರಜೆ ಹಾಕಿದೆ. ನಾಯಿ ಸತ್ತಿದೆ ಎನ್ನಲು ಬಾಯಿ ಬರಲಿಲ್ಲ. ಮೂರನೇ ದಿನ ಹೋದಾಗ ಎಲ್ಲರೂ ಜ್ವರದ ಬಗ್ಗೆ ವಿಚಾರಿಸಿದರು. ಮನುಷ್ಯರು ಸತ್ತರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ನಾಯಿ ಸತ್ತರೆ ಯಾರು ಬರುತ್ತಾರೆ? ಸುತ್ತಲಿನವರು ದುಃಖ ಅಂತಲೇ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಪ್ರೊಫೆಸರ್ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಆಗಲೇ ಗೊತ್ತಿದ್ದರೆ ನನಗೇ ಏನೋ ಆಗಿದೆ ಎಂದು ಹೆದರುತ್ತಿರಲಿಲ್ಲ. ಅಳಲು ಜಾಗ ಸಿಗಲಿಲ್ಲ. ಅದಕ್ಕೇ ಅಳು ನಿಲ್ಲಿಸುವ ದಾರಿ ಹುಡುಕಿದೆ.

ಒಂದು ರಾತ್ರಿಯಂತೂ ನಾಯಿಗಳ ಕ್ಲೋನಿಂಗ್, ಅಂದರೆ ಒಂದು ನಾಯಿಯ ಜೀವಕೋಶದಿಂದ ಅದರದ್ದೇ ನಕಲು ಹುಟ್ಟಿಸುವ ಬಗ್ಗೆ ಓದುತ್ತಾ ಕೂತಿದ್ದೆ. ಮೊದಲ ಕ್ಲೋನ್ ನಾಯಿ ಸ್ನಪ್ಪಿ ಹುಟ್ಟಿದ್ದು 2005ರಲ್ಲಿ, ದಕ್ಷಿಣ ಕೊರಿಯಾದಲ್ಲಿ. ಹಾಗೆ ಹುಟ್ಟಿದ ನಾಯಿಗೂ ಮೈಮೇಲಿನ ಮಚ್ಚೆ ಅದೇ ರೀತಿ ಬರುತ್ತದೆ ಎಂಬ ಖಾತ್ರಿ ಇಲ್ಲ, ಸ್ವಭಾವದ ಮಾತಂತೂ ದೂರವೇ ಉಳಿಯಿತು. ಇಷ್ಟು ಓದಿಯೂ ಮರುದಿನ ನಾನು ಹುಡುಕಿದ್ದು ಬೆಳ್ಳಿಯ ಹಾಗೇ ಹಣೆ ಮೇಲೆ ಬಿಳಿ ಮಚ್ಚೆ ಇರುವ ಮರಿಯನ್ನೇ.

ಸಿಕ್ಕಿತು. ಎಂಟು ವಾರದ ಮರಿ. ಅದಕ್ಕೂ ಬೆಳ್ಳಿ ಅಂತಲೇ ಹೆಸರಿಟ್ಟೆ. ಮಗಳು ನನ್ನ ಮುಖ ನೋಡಿ, "ಅಮ್ಮಾ, ಇದನ್ಯಾಕೆ ಬೆಳ್ಳಿ ಅಂತೀಯಾ? ಬೆಳ್ಳಿ ಸತ್ತೋದ್ಳಲ್ವಾ?" ಎಂದಳು. ಉತ್ತರ ಕೊಡಲಿಲ್ಲ. ಅವಳು ಒಂದು ದಿನವೂ ಮರಿಯನ್ನು ಆ ಹೆಸರಿನಿಂದ ಕರೆಯಲಿಲ್ಲ. ಪಾಪು ಅಂತಿದ್ದಳು.

ರಾತ್ರಿಯೆಲ್ಲ ಮರಿ ಕುಂಯ್‌ಗುಟ್ಟುತ್ತಿತ್ತು. ಆ ವಯಸ್ಸಿನ ಮರಿಗೆ ಎರಡು ಮೂರು ಗಂಟೆಗಿಂತ ಜಾಸ್ತಿ ಉಚ್ಚೆ ತಡೆಯಲು ಆಗುವುದಿಲ್ಲ. ಅಂದರೆ ಮತ್ತೆ ಅದೇ ನಿದ್ದೆಗೆಟ್ಟ ರಾತ್ರಿಗಳು. ಅದೂ ಆಗತಾನೇ ತಾಯಿಯನ್ನು ಬಿಟ್ಟು ಬಂದಿತ್ತು. ಸಮಾಧಾನ ಮಾಡಬೇಕಾದ ನಾನೇ ಅದರ ಪಕ್ಕ ಕೂತು ಅಳುತ್ತಿದ್ದೆ.

ಹೋಲಿಕೆ ಬೇರೆ. ಬೆಳ್ಳಿ ಹೀಗೆ ಕಚ್ಚುತ್ತಿರಲಿಲ್ಲ, ಬೆಳ್ಳಿ ಕರೆದರೆ ಬರುತ್ತಿದ್ದಳು, ಬೆಳ್ಳಿ ಚಪ್ಪಲಿ ಮುಟ್ಟುತ್ತಿರಲಿಲ್ಲ. ಹಳೇ ಫೋಟೊಗಳನ್ನು ತೆಗೆದು ನೋಡಿದ್ದು ಎಷ್ಟೋ ದಿನದ ಮೇಲೆ. ಒಂದರಲ್ಲಿ ಬೆಳ್ಳಿ ಮೂರು ತಿಂಗಳ ಮರಿ, ಮುಂದೆ ನನ್ನ ಚಪ್ಪಲಿ ಚಿಂದಿಯಾಗಿ ಬಿದ್ದಿದೆ.

ಒಂದು ಸಂಜೆ ಆದದ್ದನ್ನು ಹೇಳಲೇಬೇಕು. ಬೆಳ್ಳಿ ಹೊದೆಯುತ್ತಿದ್ದ ಕಂಬಳಿಯನ್ನು ನಾನು ಒಗೆದಿರಲಿಲ್ಲ. ಅವಳ ವಾಸನೆ ಹೋಗಿಬಿಡುತ್ತೆ ಅಂತ ಮಡಚಿ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಮರಿ ಅದನ್ನು ಎಳೆದು, ಅಂಚು ಹರಿದು, ಮೇಲೆ ಉಚ್ಚೆ ಹೊಯ್ದಿತ್ತು. ನೋಡಿದ್ದೇ ತಡ, ಕಿರುಚಿ ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಮರಿ ನೆಲಕ್ಕೆ ಅಂಟಿಕೊಂಡು, ಕಿವಿ ಹಿಂದಕ್ಕೆ ಮಾಡಿ, ಹೆದರಿಕೆಗೆ ಮತ್ತೆ ಉಚ್ಚೆ ಮಾಡಿಕೊಂಡಿತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅವತ್ತಿನಿಂದ ಮರಿ ನನ್ನ ಹತ್ತಿರ ಬರುವುದನ್ನು ಬಿಟ್ಟಿತು. ನಾಯಿಮರಿಗಳು ಮನುಷ್ಯರನ್ನು ನಂಬಲು ಕಲಿಯುವುದು ಮುಖ್ಯವಾಗಿ ಸುಮಾರು 3ನೇ ವಾರದಿಂದ 14ನೇ ವಾರದೊಳಗೆ. ಆಗ ಆದ ಹೆದರಿಕೆ ಸುಲಭಕ್ಕೆ ಬಿಡುವುದಿಲ್ಲ. ತಲೆ ಬಾಚಲು ಕೈ ಎತ್ತಿದರೂ ಮಂಚದ ಕೆಳಗೆ ಓಡುತ್ತಿತ್ತು. ಎರಡು ತಿಂಗಳು ಪ್ರಯತ್ನಪಟ್ಟು, ಕೊನೆಗೆ ನಾಯಿಗಳ ಜೊತೆಯಲ್ಲೇ ಬೆಳೆದ ಗೆಳತಿಯೊಬ್ಬಳಿಗೆ ಕೊಟ್ಟೆ. ಅಲ್ಲಿ ಚೆನ್ನಾಗಿದೆ, ಹೆಸರೂ ಬೇರೆ. ಆದರೆ ನನ್ನ ಮಗಳು ಮೂರು ತಿಂಗಳೊಳಗೆ ಎರಡು ನಾಯಿ ಕಳೆದುಕೊಂಡಳು. ಅದಕ್ಕೆ ಕಾರಣ ನಾನು.

ಇನ್ನೊಂದು ವಿಷಯ, ಇದು ನಮ್ಮ ಮನೆಯಲ್ಲಿ ಆದದ್ದಲ್ಲ. ಆದರೂ ಅವಸರ ಪಡುವವರಿಗೆ ಗೊತ್ತಿರಲಿ. ನಿಮ್ಮ ನಾಯಿ ಸತ್ತದ್ದು ಪಾರ್ವೊ ಎಂಬ ವೈರಸ್ ರೋಗದಿಂದ ಆಗಿದ್ದರೆ, ಮರಿ ತರುವುದು ಅದರ ಜೀವಕ್ಕೇ ಅಪಾಯ. ಆ ವೈರಸ್ ಮನೆಯಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ಒಂದು ವರ್ಷದವರೆಗೂ ಉಳಿಯುತ್ತದೆ. ಸಾಮಾನ್ಯ ಸೋಪಿಗೆ ಸಾಯುವುದಿಲ್ಲ. ಮರಿಗೆ 16 ವಾರ ಆಗುವವರೆಗೆ ಲಸಿಕೆಯ ಸುತ್ತುಗಳೂ ಮುಗಿದಿರುವುದಿಲ್ಲ. ಪಶುವೈದ್ಯರನ್ನು ಕೇಳದೆ ಹೆಜ್ಜೆ ಇಡಬೇಡಿ.

ಎಷ್ಟು ತಿಂಗಳು ಕಾಯಬೇಕು ಎಂದು ನನ್ನನ್ನು ಕೇಳುತ್ತಾರೆ. ತಿಂಗಳ ಲೆಕ್ಕ ಇಲ್ಲ. ಅದೇ ಬಣ್ಣ, ಅದೇ ಮಚ್ಚೆ ಹುಡುಕುತ್ತಿದ್ದೀರಾ? ಹಳೇ ಹೆಸರೇ ಬಾಯಿಗೆ ಬರುತ್ತಿದೆಯಾ? ಹಾಗಿದ್ದರೆ ಈಗ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸತ್ತ ನಾಯಿಯ ಬಗ್ಗೆ ಮಾತಾಡಿ. ನಾನು ಮಗಳ ಜೊತೆ ಹಾಗೆ ಮಾತಾಡಿದ್ದು ಮರಿ ಹೋದ ಮೇಲೆ. ಅವತ್ತು ಇಬ್ಬರೂ ಮನಸ್ಸು ಬಿಚ್ಚಿ ಅತ್ತೆವು. ನಡುವೆ ಆ ಚಪ್ಪಲಿ ಫೋಟೊ ನೋಡಿ ನಕ್ಕೆವು ಕೂಡ.

ಗೆಳೆಯರ ನಾಯಿ ಹೋಗಿದ್ದರೆ, ಖುಷಿಯಾಗಲಿ ಅಂತ ಹೇಳದೆ ಕೇಳದೆ ಮರಿ ತಂದು ಕೈಗಿಡಬೇಡಿ. ಸುಮ್ನೆ ಹೋಗಿ ಕೂತು, ಅದರ ಹೆಸರು ಹಿಡಿದು ಒಂದೆರಡು ಮಾತಾಡಿ. ಇನ್ನು ನಾಳೆ ಮರಿ ನೋಡಲು ಬರುತ್ತೇನೆ ಎಂದು ಈಗಾಗಲೇ ಯಾರಿಗಾದರೂ ಮಾತು ಕೊಟ್ಟಿದ್ದರೆ, ಇವತ್ತೇ ಫೋನ್ ಮಾಡಿ ಈಗ ಬೇಡ ಅಂದುಬಿಡಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ.