ಟಾರ್ಚಿಗೆ ‘ಲಾಂಗ್ ಫೋಕಸ್’ ಮಾಡಿಸ್ಲಿಕ್ಕೆ ಹೋಗುವವರು ಇದನ್ನು ಒಮ್ಮೆ ಓದಿ

ಗದ್ದೆ, ತೋಟ ಇದ್ದು ರಾತ್ರಿ ಹಂದಿ ಕಾಯುವವರು ಮುಖ್ಯವಾಗಿ ಓದಿ. ಬೆಳಕು ದೂರ ಹೋಗ್ಬೇಕು ಅಂತ ಅಂಗಡಿಯಲ್ಲಿ ಟಾರ್ಚಿನ ಎಲ್‌ಇಡಿ ಬದಲಾಯಿಸ್ಬೇಡಿ. ನಾನು ಬದಲಾಯಿಸಿದೆ. 1,850 ರೂಪಾಯಿ ಕೊಟ್ಟು, ಇದ್ದ ಒಳ್ಳೆ ಟಾರ್ಚನ್ನು ಹಾಳು ಮಾಡಿಸ್ಕೊಂಡು ಬಂದೆ.

ನಮ್ಮದು ಕಾರ್ಕಳ ಕಡೆ. ಮನೆ ಎದುರು ಗದ್ದೆಯ ಬೈಲು, ನಡುವೆ ತೋಡು (ಸಣ್ಣ ಹಳ್ಳ), ಆಚೆ ಹಾಡಿ (ಸಣ್ಣ ಕಾಡು). ಅಂಗಳದಿಂದ ಹಾಡಿಯ ಬುಡಕ್ಕೆ ಸುಮಾರು 250 ಮೀಟರ್. ಎಂಒ4 ಭತ್ತ ತೆನೆ ಬಿಡುವ ಹೊತ್ತಿಗೆ ಹಂದಿ ಇಳಿಯುದು ಅಲ್ಲಿಂದಲೇ. ಅಣ್ಣ ದುಬೈಯಿಂದ ತಂದುಕೊಟ್ಟ ಟಾರ್ಚು ನನ್ನದು. 18650 ಸೈಜಿನ ಒಂದೇ ರೀಚಾರ್ಜ್ ಸೆಲ್ಲು, ಒಳಗೆ ಬೆಳಕನ್ನು ಮುಂದಕ್ಕೆ ಕಳಿಸುವ, ಕನ್ನಡಿಯ ಹಾಗೆ ನುಣುಪಾದ ರಿಫ್ಲೆಕ್ಟರು. ಹಾಡಿಯ ಬುಡದಲ್ಲಿ ಹಂದಿಯ ಕಣ್ಣು ಹೊಳೆಯುದು ಕಾಣ್ತಿತ್ತು. ಸ್ವಿಚ್ಚು ಮಾತ್ರ ಲೂಸ್ ಆಗಿತ್ತು. ಸ್ವಿಚ್ಚು ಮಾತ್ರ. ಅಷ್ಟಕ್ಕೇ ನಾನು ಹೋದದ್ದು.

ಮಂಗಳೂರಿನ ಒಂದು ಅಂಗಡಿ. ಹೆಸರು ಹಾಕುದಿಲ್ಲ. ಸ್ವಿಚ್ಚು ನೋಡಿದವ ಬೆಳಕು ಹಾಕಿ ಬಾಯಿ ಸೊಟ್ಟ ಮಾಡಿದ. “ಅಣ್ಣ, ಇದು ಹಳೇ ಎಲ್‌ಇಡಿ. ಈಗ ದೊಡ್ಡದು ಬಂದಿದೆ, ಲುಮೆನ್ಸ್ ಡಬಲ್. ಹಾಕಿಕೊಡ್ತೇನೆ, ಒಂದು ಕಿಲೋಮೀಟರ್ ಹೋಗ್ತದೆ ನೋಡಿ.” ಲುಮೆನ್ಸ್ ಅಂದ್ರೆ ಒಟ್ಟು ಬೆಳಕು. ಅದು ಡಬಲ್ ಆದ್ರೆ ದೂರವೂ ಡಬಲ್ ಅಂತ ನಾನೂ ನಂಬಿದೆ. ಯಾರಿಗಾದ್ರೂ ಹಾಗೇ ಅನಿಸುದಲ್ವಾ?

ಮುಕ್ಕಾಲು ಗಂಟೆ ಕೂರಿಸಿದ್ರು. ಆಮೇಲೆ ಅಂಗಡಿಯ ಟ್ಯೂಬ್‌ಲೈಟ್ ಆಫ್ ಮಾಡಿ, ಹತ್ತು ಅಡಿ ದೂರದ ಗೋಡೆಗೆ ಬಿಟ್ಟು ತೋರಿಸಿದ್ರು. ಗೋಡೆ ಇಡೀ ಬೆಳ್ಳಗೆ. ಒಂದು ಕಲೆ ಇಲ್ಲ, ಒಂದು ಕಪ್ಪು ಚುಕ್ಕಿ ಇಲ್ಲ. ನಾನು “ಓ ದೇವ್ರೆ, ಎಂತ ಬೆಳಕು” ಅಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿ ಉಂಟು. ಹತ್ತು ಅಡಿಯ ಗೋಡೆ! 250 ಮೀಟರ್ ಆಚೆಯ ಹಂದಿ ನೋಡ್ಲಿಕ್ಕೆ ಬೇಕಾದ ಟಾರ್ಚನ್ನು ನಾನು ಹತ್ತು ಅಡಿಯ ಗೋಡೆಯಲ್ಲಿ ನೋಡಿ ದುಡ್ಡು ಎಣಿಸಿ ಕೊಟ್ಟೆ. ಎರಡು ಹೊಸ ಸೆಲ್ಲೂ ತಗೊಂಡೆ. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯ ಹಿಂದೆ “ಟಾರ್ಚ್ ವರ್ಕ್ 1850” ಅಂತ ಬರೆದುಕೊಟ್ರು.

ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಪಕ್ಕದ ಮನೆಯ ಶೆಟ್ರನ್ನೂ ಕರೆದೆ. ರಾತ್ರಿ ಹನ್ನೊಂದಕ್ಕೆ ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ನಿಂತು ಬೆಳಕು ಬಿಟ್ಟೆ. ನನ್ನ ಕಾಲು ಕಂಡಿತು, ಪುಣಿಯ ಹುಲ್ಲು ಕಂಡಿತು, ಎಡಗಡೆಯ ತೆಂಗಿನಮರ, ಬಲಗಡೆಯ ಪಂಪ್‌ಶೆಡ್ಡು ಎಲ್ಲ ಹಗಲಿನ ಹಾಗೆ. ಎದುರು ಹಾಡಿಯ ಬುಡ ಕಪ್ಪು. ಎತ್ತಿ ಹಿಡಿದೆ, ತಗ್ಗಿಸಿ ಹಿಡಿದೆ. ಕಪ್ಪೇ. ಅತ್ತ ಕಡೆ ಹಂದಿ ಮಣ್ಣು ಒಕ್ಕುವ ಶಬ್ದ ಕೇಳ್ತಾ ಉಂಟು, ಕಾಣುದಿಲ್ಲ. ಶೆಟ್ರು ಮೆಲ್ಲ “ಎಂತ ಮಾರಾಯ್ರೆ, ನಿಮ್ಮ ಬೆಳಕು ತೋಡು ದಾಟುದಿಲ್ಲವಲ್ಲ” ಅಂದ್ರು. ಅವರ ಹಳೇ ಟಾರ್ಚಲ್ಲಿ ನೋಡಿದ್ರೆ ಐದು ಹಂದಿ. ಓಡಿಸುವಷ್ಟರಲ್ಲಿ ತೋಡಿನ ಬದಿಯ ಗದ್ದೆ ಅರ್ಧಕ್ಕರ್ಧ ಮಗುಚಿ ಹಾಕಿದ್ವು. ಶೆಟ್ರ ಮುಖ ನೋಡ್ಲಿಕ್ಕೆ ನನಗೆ ಆಗ್ಲಿಲ್ಲ.

ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದೆ. “ಮಂಜು ಇದ್ರೆ ಹಾಗೇ ಅಣ್ಣ.” ಮಂಜು ಇರಲಿಲ್ಲ ಅಂದೆ. “ಸೆಲ್ ಫುಲ್ ಚಾರ್ಜ್ ಮಾಡಿ.” ಮಾಡಿದ್ದೆ. “ಹಾಗಾದ್ರೆ ತನ್ನಿ, ನೋಡುವ.” ಐವತ್ತು ಕಿಲೋಮೀಟರ್ ಬಸ್ಸಲ್ಲಿ ಪುನಃ ಹೋದೆ. ಪುನಃ ಅದೇ ಗೋಡೆಗೆ ಬಿಟ್ಟು “ಇಷ್ಟು ಬೆಳಕು ಉಂಟಲ್ಲ, ಮತ್ತೆಂತ ಬೇಕು ನಿಮ್ಗೆ?” ಅಂತ ಕೇಳಿದ. ಹಳೇ ಎಲ್‌ಇಡಿಯನ್ನೇ ಹಾಕಿಕೊಡಿ ಅಂದೆ. “ಅದನ್ನು ಬಿಸಾಡಿಯಾಯ್ತು.” ಒಳಗಿಂದ ಇನ್ನೊಬ್ಬ, ನನ್ನ ಮಗನ ಪ್ರಾಯದವ, “ಕಣ್ಣು ಒಮ್ಮೆ ತೋರಿಸ್ಕೊಳ್ಳಿ ಅಣ್ಣ” ಅಂದ. ಗಿರಾಕಿಗಳ ಎದುರು. ಕೊನೆಗೆ, ಇನ್ನು 900 ಕೊಟ್ರೆ ಎರಡು ಕಿಲೋಮೀಟರಿನ ಝೂಮ್ ಟಾರ್ಚ್ ಕೊಡ್ತೇವೆ ಅಂತ. ನಾನು ಎದ್ದು ಬಂದೆ.

ನಮ್ಮೂರಿನ ಎಲೆಕ್ಟ್ರಿಷಿಯನ್ ಒಬ್ಬರು ಟಾರ್ಚು ಬಿಚ್ಚಿದ ಮೇಲೆಯೇ ನನಗೆ ವಿಷಯ ಗೊತ್ತಾದದ್ದು. ದೂರ ಹೋಗ್ಲಿಕ್ಕೆ ಬೇಕಾದ್ದು ದೊಡ್ಡ ಎಲ್‌ಇಡಿ ಅಲ್ಲವೇ ಅಲ್ಲ, ಸಣ್ಣದು. ಸಣ್ಣ ಚುಕ್ಕಿಯಿಂದ ಜೋರು ಬೆಳಕು ಬಂದ್ರೆ ರಿಫ್ಲೆಕ್ಟರು ಅದನ್ನು ಬಿಗಿಯಾಗಿ ಕಟ್ಟಿ ಕಳಿಸ್ತದೆ. ನನ್ನ ಹಳೇದರಲ್ಲಿ ಬೆಳಕು ಬರುವ ಚೌಕ ಸುಮಾರು 2 ಮಿಲಿಮೀಟರ್. ಅಂಗಡಿಯವರು ಹಾಕಿದ್ದು ನಾಲ್ಕು ಚೌಕ ಒಟ್ಟಿಗೆ ಇರುವಂಥದ್ದು, ಉದ್ದ ಅಗಲ ಎರಡೂ ಡಬಲ್. ಅಂದ್ರೆ ಎದುರು ಬೀಳುವ ವೃತ್ತದ ಜಾಗ ನಾಲ್ಕು ಪಟ್ಟು. ಒಟ್ಟು ಬೆಳಕು ಎರಡು ಪಟ್ಟು ಆದ್ರೂ ನಡುವಿನ ಹೊಳಪು ಮೊದಲಿನ ಅರ್ಧ!

ಇನ್ನೊಂದು ಕೇಳಿ. ನನ್ನ ನುಣುಪು ರಿಫ್ಲೆಕ್ಟರೇ ಅದರಲ್ಲಿ ಇರಲಿಲ್ಲ. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇರುವ ಬೇರೆ ಒಂದು ಹಾಕಿದ್ದಾರೆ. ನಾಲ್ಕು ಚೌಕದ ಎಲ್‌ಇಡಿಗೆ ನುಣುಪು ರಿಫ್ಲೆಕ್ಟರು ಇಟ್ಟರೆ ಬೆಳಕಿನ ನಡುವೆ ಕಪ್ಪು ಕಾಣ್ತದಂತೆ, ತರಿ ಇದ್ರೆ ಅದು ಮುಚ್ಚಿಹೋಗ್ತದೆ, ಬೆಳಕೂ ಇನ್ನಷ್ಟು ಹರಡ್ತದೆ. ಗೋಡೆಯಲ್ಲಿ ಒಂದು ಕಲೆಯೂ ಇಲ್ಲ ಅಂತ ನಾನು ಖುಷಿಪಟ್ಟದ್ದು ಇದಕ್ಕೆ! ಕೂಡಲೇ ಫೋನ್ ಮಾಡಿ ಕೇಳಿದೆ, ನನ್ನ ರಿಫ್ಲೆಕ್ಟರ್ ಎಲ್ಲಿ ಅಂತ. “ಅದು ಹೊಸ ಮಾಡೆಲ್ ಅಣ್ಣ, ಫ್ರೀ ಹಾಕಿದ್ದು.” ನನ್ನ ಮಾಲು ತೆಗೆದಿಟ್ಟುಕೊಂಡು ಫ್ರೀಯಂತೆ. ಕ್ಯಾಂಡೆಲಾ, ಅಂದ್ರೆ ಬೆಳಕಿನ ನಡುವಿನ ಹೊಳಪಿನ ಲೆಕ್ಕ, ಎಷ್ಟು ಅಂತ ಕೇಳಿದೆ. “ಕ್ಯಾಂಡೆಲಾ ಗಿಂಡೆಲಾ ನಮ್ಗೆ ಗೊತ್ತಿಲ್ಲ, ಲುಮೆನ್ಸ್ ಕೇಳಿ.” ಆಮೇಲೆ ಫೋನ್ ಎತ್ತುದಿಲ್ಲ.

ಕೇಳ್ಬೇಕಾದ್ದು ಅದೇ ಕ್ಯಾಂಡೆಲಾ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದ್ರೆ ಬೆಳಕು ಹೋಗುವ ದೂರ ಮೀಟರಿನಲ್ಲಿ ಸಿಗ್ತದೆ. 10,000 ಇದ್ರೆ 200 ಮೀಟರ್, 40,000 ಇದ್ರೆ 400. ದೂರ ಡಬಲ್ ಆಗ್ಲಿಕ್ಕೆ ನಾಲ್ಕು ಪಟ್ಟು ಬೇಕು. ಇವರು ಹೇಳಿದ ಒಂದು ಕಿಲೋಮೀಟರಿಗೆ ಎರಡೂವರೆ ಲಕ್ಷ! ಅದೂ ಆ ಕೊನೆಯಲ್ಲಿ ಬೀಳುದು ಕಾಲು ಲಕ್ಸ್, ಬೆಳದಿಂಗಳಷ್ಟು. ಹಂದಿಯನ್ನು ಸರಿಯಾಗಿ ಕಾಣ್ಬೇಕಾದ್ರೆ ಅರ್ಧ ದೂರ ಅಂತಲೇ ಲೆಕ್ಕ ಹಾಕಿ. ಆ ಅಂಗಡಿಯಲ್ಲಿ ತಗೊಂಡ ಹೊಸ ಸೆಲ್ಲಿನ ಕಥೆಯೂ ಹಾಗೇ, ಅದರ ಮೇಲೆ ಸಾಮರ್ಥ್ಯ 9900 ಎಂಎಎಚ್ ಅಂತ ಇತ್ತು. 18650 ಸೈಜಿನಲ್ಲಿ ಒಳ್ಳೇದು ಅಂದ್ರೂ 3500ರ ಆಸುಪಾಸು. ಕೈಯಲ್ಲಿ ಹಿಡಿದಾಗಲೇ ಹಗುರ ಅನಿಸಿತ್ತು, ನಾನು ಬಾಯಿ ಬಿಡ್ಲಿಲ್ಲ.

ಝೂಮ್ ಟಾರ್ಚಿಗೂ ಮರುಳಾಗ್ಬೇಡಿ. ಲೆನ್ಸ್ ಮುಂದೆ ಎಳೆದ್ರೆ ಚೌಕ ಬೆಳಕು ದೂರ ಬೀಳ್ತದೆ ನಿಜ, ಆದ್ರೆ ಹೆಚ್ಚಿನ ಬೆಳಕು ಟಾರ್ಚಿನ ಒಳಗೇ ಉಳಿಯುದು. ಎಲ್‌ಇಡಿಯ ಮೇಲಿನ ಸಿಲಿಕಾನ್ ಗುಮ್ಮಟ ತೆಗೆದು ಬೆಳಕನ್ನು ಬಿಗಿ ಮಾಡುವ ಕ್ರಮವೂ ಉಂಟಂತೆ. ಬೆಳಕು ಸ್ವಲ್ಪ ಹಳದಿ ಆಗ್ತದೆ, ಒಟ್ಟು ಲುಮೆನ್ಸ್ ಕಡಿಮೆ ಆಗ್ತದೆ, ಆದ್ರೆ ದೂರ ಹೋಗ್ತದೆ. ಗೊತ್ತಿದ್ದವ ಅದನ್ನು ಹೇಳ್ತಿದ್ದ. ರಿಪೇರಿಗೆ ಕೊಡುದಾದ್ರೆ ಎದುರು ಕೂತೇ ಬಿಚ್ಚಿಸಿ, ಹಳೇ ಪಾರ್ಟ್ ಕಿಸೆಗೆ ಹಾಕಿ ಬನ್ನಿ. ಕತ್ತಲಾದ ಮೇಲೆ ಬಯಲಲ್ಲಿ ನೋಡದೆ ದುಡ್ಡು ಕೊಡ್ಬೇಡಿ.

ಎಲೆಕ್ಟ್ರಿಷಿಯನ್ 350 ರೂಪಾಯಿಗೆ ಪುನಃ ಸಣ್ಣ ಎಲ್‌ಇಡಿ ಹಾಕಿಕೊಟ್ಟಿದ್ದಾರೆ. ತೋಡು ದಾಟ್ತದೆ, ಹಾಡಿಯ ಬುಡಕ್ಕೆ ಇನ್ನೂ ಮುಟ್ಟುದಿಲ್ಲ. ಅಣ್ಣ ಊರಿಗೆ ಬಂದಾಗ ಟಾರ್ಚು ಎಲ್ಲಿ ಅಂತ ಕೇಳ್ತಾನೆ. 52 ಮಿಲಿಮೀಟರ್ ಅಗಲದ ನುಣುಪು ರಿಫ್ಲೆಕ್ಟರು ಉಡುಪಿಯಲ್ಲೋ ಮಂಗಳೂರಲ್ಲೋ ಎಲ್ಲಾದ್ರೂ ಸಿಗುದಾದ್ರೆ ದಯವಿಟ್ಟು ತಿಳಿಸಿ.