ಮೂರು ವರ್ಷದ ಮನೆಪಾಠ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಮಗಳು ಎಂಟನೇ ತರಗತಿಗೆ ಬಂದಾಗಿನಿಂದ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ, ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಗೆ ನಿವೃತ್ತ ಗಣಿತ ಮೇಷ್ಟ್ರೊಬ್ಬರು ವಾರಕ್ಕೆ ನಾಲ್ಕು ದಿನ ಬಂದು ಪಾಠ ಹೇಳಿದರು. ಶುಲ್ಕ ತಿಂಗಳಿಗೆ 2,500 ರೂಪಾಯಿ.

ಅದಕ್ಕೂ ಮೊದಲು ಆರು ತಿಂಗಳು ಅವಳನ್ನು ಟ್ಯೂಷನ್ ಕೇಂದ್ರವೊಂದಕ್ಕೆ ಕಳುಹಿಸಿದ್ದೆವು. ನಲವತ್ತು ಮಕ್ಕಳ ಬ್ಯಾಚಿನಲ್ಲಿ ಕೂತು ಬೋರ್ಡಿನ ಲೆಕ್ಕವನ್ನು ಅಂದವಾಗಿ ಇಳಿಸಿಕೊಂಡು ಬರುತ್ತಿದ್ದಳೇ ಹೊರತು, ಅದೇ ಲೆಕ್ಕದ ಅಂಕಿ ಬದಲಾಯಿಸಿ ಕೊಟ್ಟರೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಬಿಡಿಸಿದಾಗ ಕಟ್ಟಿದ ವರ್ಷದ ಶುಲ್ಕದಲ್ಲಿ ಬಿಡಿಗಾಸೂ ವಾಪಸು ಬರಲಿಲ್ಲ. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಮರಳಿಸಬೇಕೆನ್ನುವ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಿದ್ದದ್ದು 2024ರ ಜನವರಿಯಲ್ಲಿ. ನಮ್ಮದು ಅದಕ್ಕಿಂತ ಹಿಂದಿನ ಮಾತು.

ಮೇಷ್ಟ್ರು ಮೊದಲ ವಾರ ಪಠ್ಯಪುಸ್ತಕವನ್ನು ತೆರೆಯಲೇ ಇಲ್ಲ. ಹಳೆಯ ನೋಟ್‌ಬುಕ್‌ಗಳನ್ನು ತರಿಸಿಕೊಂಡು, ಅವಳು ಅಳಿಸಿ ಬರೆದ ಜಾಗಗಳನ್ನೇ ಹುಡುಕಿ ನೋಡಿ, ಭಿನ್ನರಾಶಿಗಳ ಛೇದವನ್ನು ಸಮ ಮಾಡುವಲ್ಲಿ ಐದನೇ ತರಗತಿಯಿಂದಲೂ ಎಡವುತ್ತಿದ್ದಾಳೆಂದು ಪತ್ತೆಹಚ್ಚಿದರು. ಎರಡನೇ ಒಂದಕ್ಕೆ ಮೂರನೇ ಒಂದನ್ನು ಕೂಡಿಸೆಂದರೆ ಐದನೇ ಎರಡು ಎಂದು ಬರೆಯುತ್ತಿದ್ದ ಹುಡುಗಿಗೆ ಬೀಜಗಣಿತ ಹತ್ತುವುದಾದರೂ ಹೇಗೆ? ಜೋಳದ ರೊಟ್ಟಿ ಮುರಿದಿಟ್ಟು, ಎರಡನ್ನೂ ಆರರ ತುಂಡಿಗೆ ತಂದಮೇಲೆಯೇ ಕೂಡಿಸಲು ಬರುತ್ತದೆಂದು ತೋರಿಸಿದರು. ಒಂದೂವರೆ ತಿಂಗಳು ಇದೇ ನಡೆಯಿತು. ನನಗಂತೂ ದುಡ್ಡು ದಂಡವಾಗುತ್ತಿದೆಯೆಂದೇ ಅನಿಸಿತ್ತು.

ಕೊರತೆಗಳೂ ಇದ್ದವು. ಮದುವೆಗಳ ಕಾಲದಲ್ಲಿ ಮೇಷ್ಟ್ರು ತಪ್ಪಿಸುವ ದಿನಗಳು ಹೆಚ್ಚಾಗುತ್ತಿದ್ದವು. ವಿಜ್ಞಾನವನ್ನು ಅವರು ಮುಟ್ಟಲಿಲ್ಲ. ಹತ್ತನೆಯ ತರಗತಿಯ ಜನವರಿಯವರೆಗೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಒಪ್ಪದಿದ್ದುದು ನಮಗೆ ನಿದ್ದೆಗೆಡಿಸಿತು, ಈ ವಿಷಯದಲ್ಲಿ ಅವರದೇ ತಪ್ಪೆಂದು ಈಗಲೂ ನನ್ನ ಅಭಿಪ್ರಾಯ. ಗಣಿತದ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 61 ಬಂತು. ಸಮಯ ಸಾಲದೆ ಕೊನೆಯ ಎರಡು ಲೆಕ್ಕ ಉಳಿದವು.

ಇಂಥವರನ್ನು ಹುಡುಕುವವರು ಗಮನಿಸಬೇಕಾದ ಒಂದು ಮಾತಿದೆ: ಶಿಕ್ಷಣ ಹಕ್ಕು ಕಾಯ್ದೆ, 2009ರ 28ನೇ ಸೆಕ್ಷನ್ನಿನಂತೆ ಕೆಲಸದಲ್ಲಿರುವ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವಂತಿಲ್ಲ. ನಿವೃತ್ತರನ್ನು ಕೇಳುವುದು ಕ್ಷೇಮ.

ಪಿಯುಸಿಗೂ ಬನ್ನಿರೆಂದು ಕೇಳಿದೆವು. "ಇನ್ನು ಅವಳೇ ಕೂತು ಮಾಡ್ಲಿ, ತಿಳೀದಿದ್ರೆ ಫೋನ್ ಮಾಡ್ಲಿ" ಎಂದರು. ಮಗನೀಗ ಆರನೇ ತರಗತಿ. ಅವನ ಹಳೆಯ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕದೆ ಎತ್ತಿಟ್ಟಿದ್ದೇವೆ.